ಮೊದಲು ಕೇಳಿದ್ದು ನಾನೇ

ಕಿಂಕ್ಸ್ ಅನ್ನೋ ಇಂಗ್ಲಿಷ್ ರಾಕ್ ಬ್ಯಾಂಡಿನ ಹಾಡನ್ನು ಮೊದಲ ಸಲ ಕೇಳಿದ ಕತೆಯನ್ನು ಮೇಷ್ಟ್ರು ನನಗೆ ಎರಡು ವರ್ಷದಲ್ಲಿ ನಾಲ್ಕು ಸಲ ಹೇಳಿದರು. ನಾಲ್ಕು ಸಲವೂ ಬೇರೆ ಬೇರೆ ಕತೆ.

ಮೇಷ್ಟ್ರು ಅಂದರೆ ನಮ್ಮ ಓನರ್ರು. 2011ರಿಂದ ಎರಡು ವರ್ಷ ಕೆಲಸದ ಮೇಲೆ ಲಂಡನ್ನಿನಲ್ಲಿದ್ದೆ. ಊರಿನ ಉತ್ತರಕ್ಕೆ ಮಸ್ವೆಲ್ ಹಿಲ್ ಅಂತ ಒಂದು ಏರಿಯಾ. ಅಲ್ಲಿ ಅವರ ಮನೆಯ ಮಹಡಿಯಲ್ಲಿ ನಮ್ಮ ಬಾಡಿಗೆ ಸಂಸಾರ. ಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ರಿಟೈರ್ ಆದವರು ಅವರು. ಆ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಅಲ್ವಾ? ಅಪ್ಪನ ವಯಸ್ಸಿನವರನ್ನು ಹಾಗೆ ಕರೆಯೋಕೆ ನನ್ನ ಹೆಂಡತಿಗೆ ನಾಲಿಗೆಯೇ ಏಳುತ್ತಿರಲಿಲ್ಲ. ಹಾಗಾಗಿ ನಮ್ಮನಮ್ಮಲ್ಲಿ ಅವರು ಮೇಷ್ಟ್ರಾದರು. ಅವರ ಹೆಂಡತಿ ಅಮ್ಮಾವ್ರಾದರು. ಅಮ್ಮಾವ್ರು ಮಾತು ಕಮ್ಮಿ. ಸದಾ ಪೇಪರಿನ ಪದಬಂಧ ಹಿಡಿದು ಕೂತಿರುತ್ತಿದ್ದರು.

ಮೊದಲ ಕತೆಯ ಪ್ರಕಾರ, 1964ರ ಆಗಸ್ಟ್. ಮೇಷ್ಟ್ರಿಗೆ ಹದಿನೈದು ವರ್ಷ. ಅಮ್ಮನ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಜಾಮು ಹಚ್ಚುತ್ತಾ ನಿಂತಿದ್ದಾರೆ. ಕಿಟಕಿ ಮೇಲಿನ ರೇಡಿಯೋದಿಂದ ಇದ್ದಕ್ಕಿದ್ದಂತೆ ಗಿಟಾರು ಗರಗಸದ ಹಾಗೆ ಕುಯ್ಯುತ್ತಾ ಬಂತು. ಜಾಮಿನ ಚಾಕು ಕೈಯಿಂದ ಬಿತ್ತು.

ಎರಡನೇ ಕತೆಯಲ್ಲಿ ಜಾಮೂ ಇಲ್ಲ, ಅಮ್ಮನೂ ಇಲ್ಲ. ರಾತ್ರಿ. ದಿಂಬಿನ ಕೆಳಗೆ ಟ್ರಾನ್ಸಿಸ್ಟರು. ಮೂರನೆಯದರಲ್ಲಿ ಪಕ್ಕದ ಮನೆಯ ಟೀವಿ, ಶುಕ್ರವಾರ ಸಂಜೆಯ 'ರೆಡಿ ಸ್ಟೆಡಿ ಗೋ' ಕಾರ್ಯಕ್ರಮ. ಆ ಮನೆಯ ಯಜಮಾನ ಪೈಪು ಸೇದುತ್ತಾ, "ಇವರು ಹುಡುಗರೋ ಹುಡುಗಿಯರೋ?" ಅಂತ ಕೇಳಿದನಂತೆ.

ಪ್ರತಿ ಸಲವೂ ಅಮ್ಮಾವ್ರು ಪದಬಂಧದಿಂದ ತಲೆ ಎತ್ತಿ "ಹ್ಞೂಂ" ಅನ್ನುತ್ತಿದ್ದರು. ಮತ್ತೆ ತಲೆ ತಗ್ಗಿಸುತ್ತಿದ್ದರು. ಆ "ಹ್ಞೂಂ" ಒಪ್ಪಿಗೆಯದ್ದಲ್ಲ ಅಂತ ತಿಳಿಯೋಕೆ ಇಂಗ್ಲಿಷ್ ಬರಬೇಕು ಅಂತೇನಿಲ್ಲ. ಮದುವೆ ಆಗಿದ್ದರೆ ಸಾಕು.

ಬೀಟಲ್ಸ್ ನಮಗೆ ಗೊತ್ತು, ರೋಲಿಂಗ್ ಸ್ಟೋನ್ಸ್ ಹೆಸರೂ ಕೇಳಿರುತ್ತೇವೆ. ಕಿಂಕ್ಸ್ ಅಂದರೆ ನಮ್ಮ ಕಡೆ ಬಹಳ ಜನ ಹುಬ್ಬು ಗಂಟಿಕ್ಕುತ್ತಾರೆ. ರೇ ಡೇವಿಸ್, ಡೇವ್ ಡೇವಿಸ್ ಅಂತ ಇಬ್ಬರು ಅಣ್ಣತಮ್ಮಂದಿರು ಕಟ್ಟಿದ ಬ್ಯಾಂಡು ಇದು. ಜೊತೆಗೆ ಬೇಸ್ ಗಿಟಾರಿಗೆ ಪೀಟ್ ಕ್ವೇಫ್, ಡ್ರಮ್ಸಿಗೆ ಮಿಕ್ ಏವರಿ. ಅಣ್ಣತಮ್ಮಂದಿರು ಬೆಳೆದದ್ದು ನಾವಿದ್ದ ಏರಿಯಾದಲ್ಲೇ, ಫೋರ್ಟಿಸ್ ಗ್ರೀನ್ ರಸ್ತೆಯಲ್ಲಿ, ಕ್ಲಿಸ್ಸೋಲ್ಡ್ ಆರ್ಮ್ಸ್ ಅನ್ನೋ ಪಬ್ಬಿನ ಎದುರಿಗೆ. ಸಣ್ಣ ಮನೆ, ಎಂಟು ಮಕ್ಕಳು. ಮೊದಲ ಆರೂ ಹೆಣ್ಣು, ಕೊನೆಯ ಎರಡು ಗಂಡು. ನಮ್ಮ ಕಡೆಯೂ ಇಂಥ ಮನೆಗಳು ಬೇಕಾದಷ್ಟಿದ್ದವು. ಆರು ಅಕ್ಕಂದಿರ ಕೊನೆಗೆ ಹುಟ್ಟಿದ ಗಂಡುಮಗ ಹೇಗೆ ಬೆಳೆಯುತ್ತಾನೆ ಅಂತ ನಾನು ಹೇಳಬೇಕಾಗಿಲ್ಲ. ಅಪ್ಪ ಪಬ್ಬು ಮುಚ್ಚಿದ ಮೇಲೆ ಸ್ನೇಹಿತರನ್ನೆಲ್ಲ ಮನೆಗೆ ಕರೆದುಕೊಂಡು ಬಂದರೆ ಮುಂದಿನ ಕೋಣೆಯಲ್ಲಿ ಪಿಯಾನೋ, ಹಾಡು, ಗಲಾಟೆ. ಅಕ್ಕಂದಿರು ತಂದಿಟ್ಟ ರೆಕಾರ್ಡುಗಳು ಬೇರೆ. ತಮ್ಮಂದಿರಿಗೆ ಸಂಗೀತ ಪಾಠ ಆಗಿದ್ದೇ ಅಲ್ಲಿ.

ಆ ಅಕ್ಕಂದಿರಲ್ಲಿ ಒಬ್ಬಳಿಗೆ ಹೃದಯದ ತೊಂದರೆ. ಕುಣಿಯಬೇಡ ಅಂದಿದ್ದರು ಡಾಕ್ಟರು. 1957ರ ಜೂನ್‌ನಲ್ಲಿ ರೇಗೆ ಹದಿಮೂರು ತುಂಬಿದ ದಿನ, ಅವನು ಬಹಳ ದಿನದಿಂದ ಆಸೆಪಟ್ಟಿದ್ದ ಸ್ಪ್ಯಾನಿಷ್ ಗಿಟಾರನ್ನು ಅವಳು ಕೊಡಿಸಿದಳು. ಅದೇ ರಾತ್ರಿ ಲಂಡನ್ನಿನ ಲೈಸಿಯಂ ಡ್ಯಾನ್ಸ್ ಹಾಲಿನಲ್ಲಿ ಕುಣಿಯುತ್ತಾ ಕುಣಿಯುತ್ತಾ ತೀರಿಕೊಂಡಳು. ಈ ವಿಷಯವನ್ನು ಮೇಷ್ಟ್ರು ನನಗೆ ಒಂದೇ ಸಲ ಹೇಳಿದ್ದು. ಒಂದೇ ಥರ ಹೇಳಿದರು.

ಇನ್ನು ಜಾಮಿನ ಚಾಕು ಬೀಳಿಸಿದ ಆ ಸದ್ದು. ಅದಕ್ಕೂ ಒಂದು ಬ್ಲೇಡಿನ ಕತೆ ಇದೆ. ತಮ್ಮ ಡೇವ್ ಹತ್ತಿರ ಹಸಿರು ಬಣ್ಣದ ಒಂದು ಸಣ್ಣ ಆಂಪ್ಲಿಫೈಯರು ಇತ್ತು. ಅದರ ಸದ್ದು ಬಹಳ ಸಭ್ಯವಾಗಿತ್ತು ಅಂತ ಅವನಿಗೆ ಸಿಟ್ಟು. ರೇಜರ್ ಬ್ಲೇಡು ತಗೊಂಡು ಸ್ಪೀಕರಿನ ಕಾಗದದ ಕೋನನ್ನು ಸೀಳಿಬಿಟ್ಟ. ಹರಿದ ಕಾಗದ ಪರಪರ ಅಂತ ಅದುರಿತು. ಆ ಅದುರನ್ನು ಇನ್ನೊಂದು ದೊಡ್ಡ ಆಂಪ್ಲಿಫೈಯರಿಗೆ ಕೊಟ್ಟರು. 'ಯೂ ರಿಯಲಿ ಗಾಟ್ ಮಿ' ಹಾಡಿನ ಗಿಟಾರು ಅದೇ. ಆಗ ಅವನಿಗೆ ಹದಿನೇಳು ವರ್ಷ. ನಮ್ಮ ಮನೆಗಳಲ್ಲಿ ಹುಡುಗ ಸ್ಪೀಕರಿಗೆ ಬ್ಲೇಡು ಹಾಕಿದ್ದರೆ ಸಂಗೀತದ ಚರಿತ್ರೆಗೆ ಮುಂಚೆ ಬೆನ್ನ ಮೇಲೆ ಬಾಸುಂಡೆ ಬರುತ್ತಿತ್ತು.

ಅದಕ್ಕೆ ಮುಂಚೆ ಅವರ ಎರಡು ರೆಕಾರ್ಡು ತೋಪಾಗಿದ್ದವು. ಇದು ಮೂರನೆಯದು. ಮೊದಲು ನಿಧಾನವಾಗಿ ರೆಕಾರ್ಡ್ ಮಾಡಿದ್ದನ್ನು ರೇ ಒಪ್ಪಲಿಲ್ಲ. ಹಟ ಹಿಡಿದು ಮತ್ತೆ ಮಾಡಿಸಿದ. ಆಗಸ್ಟಿನಲ್ಲಿ ಬಂತು, ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್.

ಮೇಷ್ಟ್ರ ಎರಡನೇ ಕತೆಯೇ ನನಗೆ ಜಾಸ್ತಿ ಇಷ್ಟ, ದಿಂಬಿನ ಕೆಳಗಿನ ರೇಡಿಯೋದ್ದು. ಆಗ ಬಿಬಿಸಿ ದಿನಕ್ಕೆ ಇಷ್ಟೇ ಗಂಟೆ ರೆಕಾರ್ಡು ಹಾಕಬಹುದು ಅಂತ ಕಟ್ಟುಪಾಡಿತ್ತು. ರೆಕಾರ್ಡೇ ಹಾಕಿಕೊಂಡು ಕೂತರೆ ನಮ್ಮ ಹೊಟ್ಟೆಪಾಡೇನು ಅಂತ ವಾದ್ಯಗಾರರ ಸಂಘದ ತಕರಾರು. ಹಾಗಾಗಿ ಹುಡುಗರೆಲ್ಲ ರಾತ್ರಿ ರೇಡಿಯೋ ಲಕ್ಸೆಂಬರ್ಗ್ ಹಿಡಿಯುತ್ತಿದ್ದರು. 208 ಮೀಟರ್, ಮೀಡಿಯಂ ವೇವ್. ಸಮುದ್ರ ದಾಟಿ ಬರುವ ಸ್ಟೇಷನ್ನು. ಅಲೆ ಬಂದ ಹಾಗೆ ಬರೋದು, ಹೋದ ಹಾಗೆ ಹೋಗೋದು. ಹಾಡು ಪೂರ್ತಿ ಕೇಳಿಸಿ, ಇನ್ನೇನು ಬ್ಯಾಂಡಿನ ಹೆಸರು ಹೇಳಬೇಕು ಅನ್ನುವಾಗ ಸರಿಯಾಗಿ ಬರಬರ ಅಂತ ಮುಳುಗಿಬಿಟ್ಟಿತಂತೆ. ಒಂದು ವಾರ ಮೇಷ್ಟ್ರು ಹೆಸರಿಲ್ಲದ ಹಾಡನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದರು. ಕೊನೆಗೆ ರೆಕಾರ್ಡ್ ಅಂಗಡಿಗೆ ಹೋಗಿ ಕೌಂಟರಿನ ಹುಡುಗಿಯ ಎದುರು "ಡ್ಯಾ ಡಡಾ ಡ್ಯಾ ಡಾ" ಅಂತ ಬಾಯಲ್ಲಿ ಗಿಟಾರು ನುಡಿಸಿ ತೋರಿಸಿದರು. ಅವಳು ನಗಲಿಲ್ಲವಂತೆ. ಬೆಳಗಿಂದ ನೀನು ಆರನೆಯವನು ಅಂದಳಂತೆ.

ನಮ್ಮಜ್ಜನ ಮನೆಯಲ್ಲಿ ರೇಡಿಯೋ ಸಿಲೋನ್ ಹಿಡಿಯೋಕೆ ರೇಡಿಯೋ ತಲೆ ಮೇಲೆ ಒಂದು ಏಟು ಹಾಕಬೇಕಿತ್ತು. ಏಟಿಗೂ ಅಳತೆ ಇತ್ತು. ಜಾಸ್ತಿ ಆದರೆ ಆಕಾಶವಾಣಿ ಬಂದುಬಿಡೋದು. ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಎದ್ದು ಬಂದು ನನ್ನ ಕೈ ಕುಲುಕಿದರು.

ಕಿಂಕ್ಸ್ ಅಭಿಮಾನಿಗಳು ವರ್ಷಕ್ಕೊಂದು ಸಲ ನವೆಂಬರಿನಲ್ಲಿ ಉತ್ತರ ಲಂಡನ್ನಿನ ಟಫ್ನೆಲ್ ಪಾರ್ಕಿನ ಒಂದು ಪಬ್ಬಿನಲ್ಲಿ ಸೇರುತ್ತಿದ್ದರು. ಆ ವರ್ಷ ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಹೋದರು. ತಲೆ ಬೆಳ್ಳಗಾದ, ಹೊಟ್ಟೆ ಮುಂದೆ ಬಂದ, ಮಂಡಿ ನೋವಿನ ಜನ. ಹಳೇ ಟೀ ಶರ್ಟು ಹಾಕಿಕೊಂಡು ಜಾತ್ರೆಗೆ ಬಂದವರ ಹಾಗೆ ಒಬ್ಬರನ್ನೊಬ್ಬರು ಹುಡುಕುತ್ತಿದ್ದರು. ಹೊಸಬ ಸಿಕ್ಕರೆ ಕೇಳುವ ಪ್ರಶ್ನೆ ಒಂದೇ: ನೀನು ಮೊದಲು ಕೇಳಿದ್ದು ಎಲ್ಲಿ? ನಮ್ಮಲ್ಲಿ "ಯಾವೂರು, ಯಾರ ಪೈಕಿ?" ಅಂತ ಕೇಳುತ್ತೇವಲ್ಲ, ಹಾಗೆ.

ಒಬ್ಬರು ಅಣ್ಣನ ರೂಮಿನ ಬಾಗಿಲಿಗೆ ಕಿವಿ ಇಟ್ಟು ಕೇಳಿದ್ದರು. ಒಳಗೆ ಬಿಡುತ್ತಿರಲಿಲ್ಲವಂತೆ. ಇನ್ನೊಬ್ಬರ ಅಕ್ಕ ಮದುವೆಯಾಗಿ ಹೋಗುವಾಗ ರೆಕಾರ್ಡು ಬಿಟ್ಟುಹೋಗಿದ್ದಳು, ಗಂಡನಿಗೆ ಗಲಾಟೆ ಆಗೋದಿಲ್ಲ ಅಂತ. ಮತ್ತೊಬ್ಬರಿಗೆ ಮಗು ನೋಡಿಕೊಳ್ಳೋಕೆ ಬರುತ್ತಿದ್ದ ಪಕ್ಕದ ಬೀದಿಯ ಹುಡುಗಿ ಕೇಳಿಸಿದ್ದು. ಎಂಟು ವರ್ಷದವನಿದ್ದಾಗ ಅವಳನ್ನೇ ಮದುವೆ ಆಗ್ತೀನಿ ಅಂತ ಹಟ ಮಾಡಿದ್ದನ್ನೂ ಹೇಳಿದರು. ಅರ್ಧ ಗಂಟೆ ಕೇಳಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಹಾಡಿನ ಬಗ್ಗೆ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಎಲ್ಲರೂ ಅಕ್ಕಂದಿರ ಬಗ್ಗೆಯೇ ಮಾತಾಡುತ್ತಿದ್ದರು.

ಅಮೆರಿಕದಿಂದ ಬಂದ ಒಬ್ಬ ಹೆಂಗಸಿನ ಕತೆ ಬೇರೆಯೇ ಇತ್ತು. 1965ರಲ್ಲಿ ಕಿಂಕ್ಸ್ ಅಮೆರಿಕಕ್ಕೆ ಹೋದಾಗ ಅಲ್ಲಿ ಜಗಳ, ರಂಪ. ಮೊದಲೇ ಇವರು ತಮ್ಮತಮ್ಮಲ್ಲೇ ಹೊಡೆದಾಡುವವರು. ಆ ವರ್ಷ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ವೇದಿಕೆ ಮೇಲೇ ಡ್ರಮ್ಸಿನವನು ಡೇವ್ ತಲೆ ಒಡೆದಿದ್ದ. ಅಮೆರಿಕದ ಸಂಗೀತಗಾರರ ಸಂಘ ಪರ್ಮಿಟ್ ಕೊಡುವುದನ್ನೇ ನಿಲ್ಲಿಸಿತು. ನಾಲ್ಕು ವರ್ಷ ಅಲ್ಲಿ ವೇದಿಕೆ ಹತ್ತುವ ಹಾಗಿಲ್ಲ. ಮಿಕ್ಕ ಇಂಗ್ಲಿಷ್ ಬ್ಯಾಂಡುಗಳೆಲ್ಲ ಅಲ್ಲಿ ಸ್ಟೇಡಿಯಂ ತುಂಬಿಸುತ್ತಿದ್ದ ಹೊತ್ತಿನಲ್ಲಿ ಇವರು ಮನೆಯಲ್ಲಿ ಕೂತು ಹಳ್ಳಿಯ ಹುಲ್ಲುಗಾವಲು, ಚಹಾ, ಹಳೇ ಉಗಿಬಂಡಿ ಅಂತ ಹಾಡು ಕಟ್ಟಿದರು. ಆ ಹಾಡುಗಳಿಗೆ ಹೆಸರಾದ ಆಲ್ಬಮ್ಮು ಬ್ರಿಟನ್ನಿನಲ್ಲಿ ಬಿಡುಗಡೆಯಾಗಿದ್ದು 1968ರ ನವೆಂಬರ್ 22ರಂದು. ಅದೇ ದಿನ ಬೀಟಲ್ಸ್‌ನ ಬಿಳಿ ಆಲ್ಬಮ್ಮೂ ಬಂತು. ರಾಜಕುಮಾರ್ ಪಿಕ್ಚರ್ ಬಿಡುಗಡೆಯ ದಿನವೇ ಎದುರಿನ ಟಾಕೀಸಿನಲ್ಲಿ ಹೊಸಬರ ಪಿಕ್ಚರ್ ಹಾಕಿದ ಹಾಗಾಯಿತು. ಮಾರಾಟ ಆಗಲೇ ಇಲ್ಲ.

ಅಮೆರಿಕದಲ್ಲಿ ಮಾರಾಟವಾಗದ ರೆಕಾರ್ಡುಗಳ ಹೊದಿಕೆಯ ಮೂಲೆ ಕತ್ತರಿಸಿ ಚಿಲ್ಲರೆ ಕಾಸಿಗೆ ಬುಟ್ಟಿಯಲ್ಲಿ ಹಾಕಿಡುತ್ತಿದ್ದರು. ಈ ಹೆಂಗಸಿಗೆ ಕಿಂಕ್ಸ್ ಸಿಕ್ಕಿದ್ದು ಆ ಬುಟ್ಟಿಯಲ್ಲಿ. ಅವಳೂ ಅವಳ ಚಿಕ್ಕಮ್ಮನ ಮಗಳೂ ಸೇರಿ ಊರಿಗೆಲ್ಲ ಕಿಂಕ್ಸ್ ಗೊತ್ತಿರೋದು ನಮಗಿಬ್ಬರಿಗೇ ಅಂತ ಎರಡು ವರ್ಷ ನಂಬಿಕೊಂಡಿದ್ದರು. ಗುಟ್ಟಾಗಿ ಇಟ್ಟುಕೊಂಡಿದ್ದರು. ಆಮೇಲೆ ಒಂದು ದಿನ ಆ ಬುಟ್ಟಿಯ ಹತ್ತಿರ ಹೋದರೆ ಇನ್ಯಾವನೋ ಹುಡುಗ ಅದೇ ಬ್ಯಾಂಡಿನ ರೆಕಾರ್ಡು ಹಿಡಿದು ನಿಂತಿದ್ದ. "ಖುಷಿಯಾಯಿತಾ?" ಅಂತ ಕೇಳಿದೆ. "ಇಲ್ಲ," ಅಂದಳು, "ಮನೆಗೆ ಕಳ್ಳ ನುಗ್ಗಿದ ಹಾಗಾಯಿತು."

1969ರಲ್ಲಿ ಅಲ್ಲಿನ ರೆಕಾರ್ಡ್ ಕಂಪನಿ 'ಗಾಡ್ ಸೇವ್ ದಿ ಕಿಂಕ್ಸ್' ಅಂತ ಪ್ರಚಾರ ಶುರು ಮಾಡಿತು. ಅದಕ್ಕೆ ಮಾಡಿದ ಪೆಟ್ಟಿಗೆಯಲ್ಲಿ ರೆಕಾರ್ಡಿನ ಜೊತೆಗೆ, ಹಳ್ಳಿಯ ಹುಲ್ಲುಗಾವಲಿನದು ಅಂತ ಹೇಳಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ಇಟ್ಟಿದ್ದರು. ನಿಜವಾದ ಹುಲ್ಲು. ನಮ್ಮಲ್ಲಿ ಪುಣ್ಯಕ್ಷೇತ್ರದಿಂದ ಮೃತ್ತಿಕೆ ತರೋದಿಲ್ವಾ, ಹಾಗೆ.

ನನ್ನ ಸರದಿಯೂ ಬಂತು. ತಪ್ಪಿಸಿಕೊಳ್ಳೋಕೆ ನೋಡಿದೆ, ಆಗಲಿಲ್ಲ. ನಿಜ ಹೇಳಬೇಕೆಂದರೆ ನಾನು ಮೊದಲು ಕೇಳಿದ್ದು ಕಿಂಕ್ಸ್‌ನ ಹಾಡನ್ನು, ಆದರೆ ಕಿಂಕ್ಸ್ ಹಾಡಿದ್ದನ್ನಲ್ಲ. ಎಂಬತ್ತರ ದಶಕದ ಬೆಂಗಳೂರು, ನಾನು ಪಿಯುಸಿ. ದೊಡ್ಡಪ್ಪನ ಮಗ ಒಂದು ಕ್ಯಾಸೆಟ್ಟು ಕೊಟ್ಟಿದ್ದ. ಆಗ ಖಾಲಿ ಕ್ಯಾಸೆಟ್ಟೂ ಹಾಡಿನ ಪಟ್ಟಿಯೂ ಕೊಟ್ಟರೆ ಅಂಗಡಿಯವರೇ ತುಂಬಿಸಿಕೊಡುತ್ತಿದ್ದರು. ಅದರಲ್ಲಿ 'ಯೂ ರಿಯಲಿ ಗಾಟ್ ಮಿ' ಇತ್ತು, ಅಮೆರಿಕದ ವ್ಯಾನ್ ಹೇಲನ್ ಬ್ಯಾಂಡು 1978ರಲ್ಲಿ ಹಾಡಿದ್ದು. ಅಸಲು ಹಾಡು ಬೇರೆಯವರದು ಅಂತ ಅಣ್ಣನೇ ಹೇಳಿದ. ಮುಂದಿನ ಕ್ಯಾಸೆಟ್ಟಿಗೆ ಅಸಲಿಯದನ್ನೂ ಹಾಕಿಸಿಕೊಟ್ಟ. ಅಂಗಡಿಯವರು ಲೇಬಲ್ಲಿನ ಮೇಲೆ ಚೆಂದದ ಅಕ್ಷರದಲ್ಲಿ ಬರೆದಿದ್ದರು: ದಿ ಕಿಂಗ್ಸ್. ಹೀಗಾಗಿ ಸುಮಾರು ಐದು ವರ್ಷ ನಾನು ಇಲ್ಲದ ಒಂದು ಬ್ಯಾಂಡಿನ ಅಭಿಮಾನಿಯಾಗಿದ್ದೆ.

ಪಬ್ಬಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಗೊಳ್ಳೆಂದು ನಕ್ಕರು. ಯಾರೋ ನನಗೆ ಬಿಯರು ಕೊಡಿಸಿದರು.

ಇದಾದ ಮೇಲೆ ನನ್ನ ಕಡೆ ತಿರುಗಿ ಎಲ್ಲರೂ ಮೀನುಗಾರರ ವಿಷಯ ಕೇಳಿದರು. 1965ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಕಿಂಕ್ಸ್ ಬೊಂಬಾಯಿಯಲ್ಲಿ ಉಳಿದಿದ್ದರು. ಬೆಳಗಿನ ಜಾವ ಸಮುದ್ರದ ದಂಡೆಯಲ್ಲಿ ಬೆಸ್ತರು ಬಲೆ ಹೊತ್ತುಕೊಂಡು ಹಾಡುತ್ತಾ ಹೋಗುತ್ತಿದ್ದದ್ದು ರೇ ಡೇವಿಸ್ ಕಿವಿಗೆ ಬಿತ್ತು. ಅದು ಅವನ ತಲೆಯಲ್ಲಿ ಉಳಿದು, ಆ ಜುಲೈನಲ್ಲಿ 'ಸೀ ಮೈ ಫ್ರೆಂಡ್ಸ್' ಅಂತ ಬಂತು. ಗಿಟಾರು ತಂಬೂರಿ ಶ್ರುತಿ ಹಿಡಿದ ಹಾಗೆ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಬೀಟಲ್ಸ್ ಸಿತಾರ್ ಹಿಡಿದ ರೆಕಾರ್ಡು ಬಂದಿದ್ದು ಡಿಸೆಂಬರಿನಲ್ಲಿ. "ಐದು ತಿಂಗಳು ಮುಂಚೆ!" ಅಂತ ಮೇಷ್ಟ್ರು ಐದು ಬೆರಳು ಎತ್ತಿ ತೋರಿಸಿದರು. ಕಿಂಕ್ಸ್ ಅಭಿಮಾನಿಗೆ ಬೀಟಲ್ಸ್ ಮೇಲಿರುವ ಸಂಕಟ ಸವತಿ ಸಂಕಟ.

ಆ ಬೆಸ್ತರು ಏನು ಹಾಡುತ್ತಿದ್ದಿರಬಹುದು ಅಂತ ಅವರ ಪ್ರಶ್ನೆ. ನಾನು ಇಂಡಿಯಾದವನು, ನನಗೆ ಗೊತ್ತಿರಲೇಬೇಕು. ನಾನು ಬೆಂಗಳೂರಿನವನು, ನಮ್ಮೂರಿನಲ್ಲಿ ಸಮುದ್ರವೇ ಇಲ್ಲ, ಇದ್ದ ಕೆರೆಗಳನ್ನೂ ಮುಚ್ಚಿ ಬಸ್ ಸ್ಟ್ಯಾಂಡ್ ಮಾಡಿದ್ದೇವೆ ಅಂತ ಹೇಳಿದೆ. ಅವರಿಗೆ ಬೇಜಾರಾಯಿತು. ಆ ಬೆಸ್ತರಲ್ಲಿ ಒಬ್ಬನಾದರೂ ಆಮೇಲೆ ರೇಡಿಯೋದಲ್ಲಿ ಆ ಹಾಡು ಕೇಳಿ, ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಂಡಿರಬಹುದಾ? ಅವನು ಬಂದು "ಮೊದಲು ಹಾಡಿದ್ದು ನಾನೇ" ಅಂದಿದ್ದರೆ ಈ ಪಬ್ಬಿನವರೆಲ್ಲ ಬಾಯಿ ಮುಚ್ಚಬೇಕಿತ್ತು.

ಆ ಸಂಜೆ ಕೊನೆಗೆ ಒಂದು ಬ್ಯಾಂಡು ಹಳೇ ಹಾಡುಗಳನ್ನೆಲ್ಲ ನುಡಿಸಿತು. 'ಯೂ ರಿಯಲಿ ಗಾಟ್ ಮಿ' ಬಂದಾಗ, ಗಿಟಾರಿನ ಸೋಲೋಗೆ ಸ್ವಲ್ಪ ಮುಂಚೆ, ಮೇಷ್ಟ್ರು ನಾಲಿಗೆಯಿಂದ "ಟಕ್" ಅಂದರು. ಹಾಡಿನಲ್ಲಿ ಅಂಥದ್ದೇನೂ ಇಲ್ಲ. ಏನದು ಅಂತ ಕೇಳಿದೆ. ಅಭ್ಯಾಸ, ಅಂದುಬಿಟ್ಟರು.

2012ರ ಆಗಸ್ಟ್ 12. ಲಂಡನ್ ಒಲಿಂಪಿಕ್ಸಿನ ಕೊನೆಯ ದಿನ. ನಾವೂ ಅವರ ಜೊತೆ ಕೆಳಗೆ ಕೂತು ಟೀವಿ ನೋಡುತ್ತಿದ್ದೆವು. ಸ್ಟೇಡಿಯಂ ಒಳಗೆ ಒಂದು ಕರೀ ಟ್ಯಾಕ್ಸಿ ಬಂತು. ಅದರಿಂದ ರೇ ಡೇವಿಸ್ ಇಳಿದು 'ವಾಟರ್ಲೂ ಸನ್‌ಸೆಟ್' ಹಾಡಿದ. 1967ರ ಹಾಡು. ಟೆರ್ರಿ ಮತ್ತು ಜೂಲಿ ಅನ್ನೋ ಇಬ್ಬರು ಸೇತುವೆ ದಾಟಿ ಹೋಗುವುದನ್ನು ಒಬ್ಬ ಕಿಟಕಿಯಿಂದ ನೋಡುತ್ತಾನೆ, ಅಷ್ಟೇ. ಆ ಕಾಲದ ಸಿನಿಮಾ ತಾರೆಯರ ಹೆಸರು ಅಂತ ಜನ ಅಂದುಕೊಂಡಿದ್ದರು. ರೇ ಅಲ್ಲ ಅಂದ. ಅಕ್ಕ ತನ್ನ ಹುಡುಗನ ಜೊತೆ ಬೇರೆ ದೇಶಕ್ಕೆ ಹೊರಟ ಕಲ್ಪನೆ ಅದು ಅಂದ. ಮತ್ತೆ ಅಕ್ಕ! ಮೇಷ್ಟ್ರು ಸೋಫಾದಿಂದ ಎದ್ದು ನಿಂತು ಕೇಳಿದರು. ರಾಷ್ಟ್ರಗೀತೆಗೂ ಅವರು ಅಷ್ಟು ನೆಟ್ಟಗೆ ನಿಂತಿದ್ದು ನಾನು ನೋಡಿಲ್ಲ.

ಕೂತ ಮೇಲೆ ನಾಲ್ಕನೇ ಕತೆ ಶುರುವಾಯಿತು. ಈ ಸಲ ರೇಡಿಯೋ ಟೀವಿ ಯಾವುದೂ ಇಲ್ಲ. ಅವರು ಫೋರ್ಟಿಸ್ ಗ್ರೀನ್ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಹೋಗುವಾಗ ಆ ಮನೆಯ ಮುಂದಿನ ಕೋಣೆಯ ಕಿಟಕಿ ತೆರೆದಿತ್ತಂತೆ. ಒಳಗೆ ಯಾರೋ ಪಿಯಾನೋ ಮೇಲೆ ಡ್ಯಾ ಡಡಾ ಡ್ಯಾ ಡಾ ಅಂತ ನುಡಿಸುತ್ತಿದ್ದರಂತೆ. ರೆಕಾರ್ಡು ಬರೋಕೂ ಮುಂಚೆ! ಅಂದರೆ ಇಡೀ ಪ್ರಪಂಚದಲ್ಲೇ ಮೊದಲು.

ಅಮ್ಮಾವ್ರು ಪದಬಂಧ ಮಡಚಿಟ್ಟರು. ಒಳಗೆ ಹೋಗಿ ಒಂದು ಸಣ್ಣ ಪೆಟ್ಟಿಗೆ ತಂದರು. ಅದರಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡ ರೆಕಾರ್ಡುಗಳು, ಸಾಲಾಗಿ. ಒಂದನ್ನು ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟರು. ಪೈ ಕಂಪನಿಯ ಗುಲಾಬಿ ಬಣ್ಣದ ಲೇಬಲ್ಲು, ಅಂಚಿನಲ್ಲಿ ಸ್ವಲ್ಪ ಮಾಸಿತ್ತು. ಅದರ ಮೇಲೆ ನೀಲಿ ಇಂಕಿನಲ್ಲಿ ಹುಡುಗಿಯ ಗುಂಡಗಿನ ಅಕ್ಷರ. ಅಮ್ಮಾವ್ರ ಹೆಸರು, ಮದುವೆಗೆ ಮುಂಚಿನ ಸರ್‌ನೇಮಿನ ಜೊತೆ. ಆಗ ಪಾರ್ಟಿಗೆ ಹೋಗುವಾಗ ಎಲ್ಲರೂ ತಮ್ಮ ತಮ್ಮ ರೆಕಾರ್ಡು ತರುತ್ತಿದ್ದರು. ಅದಲು ಬದಲಾಗದಿರಲಿ ಅಂತ ಹೆಸರು ಬರೆಯುತ್ತಿದ್ದರಂತೆ, ನಮ್ಮ ಮನೆ ಪಾತ್ರೆಗಳ ಮೇಲೆ ಕೊರೆಸುತ್ತಾರಲ್ಲ ಹಾಗೆ. ಶನಿವಾರ ಮಿಠಾಯಿ ಅಂಗಡಿಯಲ್ಲಿ ಕೆಲಸ ಮಾಡಿ ಬಂದ ದುಡ್ಡಿನಲ್ಲಿ ಆರು ಶಿಲಿಂಗ್ ಎಂಟು ಪೆನ್ಸ್ ಕೊಟ್ಟು ತಂದಿದ್ದು.

ಮೂಲೆಯಲ್ಲಿದ್ದ ಪ್ಲೇಯರಿಗೆ ಹಾಕಿದರು. ಎರಡೂಕಾಲು ನಿಮಿಷದ ಹಾಡು. ಗಿಟಾರು ಕುಯ್ಯಿತು. ಸೋಲೋಗೆ ಸ್ವಲ್ಪ ಮುಂಚೆ ಸೂಜಿ ಒಂದು ಗೀರು ದಾಟಿತು. ಟಕ್.

ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು ಕಾರ್ಪೆಟ್ಟು ನೋಡುತ್ತಿದ್ದರು.

ಅಮ್ಮಾವ್ರು ಹೇಳಿದ್ದು ಇಷ್ಟು. ಆ ಅಕ್ಟೋಬರಿನಲ್ಲಿ ಅವರ ಹುಟ್ಟುಹಬ್ಬ. ಮನೆಗೆ ಅಣ್ಣನ ಸ್ನೇಹಿತನೊಬ್ಬ ಬಂದಿದ್ದ, ಉದ್ದ ಕೈಕಾಲಿನ ಹುಡುಗ. ಈ ಹಾಡು ಹಾಕಿದರೆ "ಇದು ಯಾರದು?" ಅಂತ ಕೇಳಿದ. ಅಕ್ಟೋಬರಿನಲ್ಲಿ! ನಂಬರ್ ಒನ್ ಆಗಿ ಇಳಿದೂ ಆಗಿತ್ತು. ಕೇಳಿದವನು ಸುಮ್ನೆ ಕೂರಬಾರದಾ? ಎದ್ದು ಕುಣಿದ. ಮರದ ಹಲಗೆಯ ನೆಲ. ಡ್ಯಾನ್ಸೆಟ್ ಪ್ಲೇಯರು ನೆಲದಿಂದ ಎಗರಿತು, ಸೂಜಿ ರೆಕಾರ್ಡಿನ ಮೇಲೆ ಗೀರಿಕೊಂಡು ಹೋಯಿತು. ಹೊಸದು ತೆಗೆಸಿಕೊಡುತ್ತೇನೆ ಅಂತ ಹುಡುಗ ಕೈಮುಗಿಯುವುದೊಂದು ಬಾಕಿ.

"ನಲವತ್ತೆಂಟು ವರ್ಷ ಆಯಿತು," ಅಂದರು ಅಮ್ಮಾವ್ರು. "ಇನ್ನೂ ಕಾಯ್ತಾ ಇದ್ದೀನಿ."

ಮೇಷ್ಟ್ರು ಎದ್ದು, ಟೀ ಯಾರ್‍ಯಾರಿಗೆ ಬೇಕು ಅಂತ ಕೇಳಿ, ಉತ್ತರಕ್ಕೂ ಕಾಯದೆ ಅಡುಗೆಮನೆಗೆ ಹೋದರು. ಕೆಟಲ್ಲಿಗೆ ನೀರು ತುಂಬಿಸುವ ಸದ್ದು ಕೇಳಿಸಿತು. ಆಮೇಲೆ ಅಲ್ಲಿಂದಲೇ ಕೂಗಿ ಹೇಳಿದರು:

"ಆದರೆ ಅದಕ್ಕೆ ಮುಂಚೆ ರೇಡಿಯೋದಲ್ಲಿ ಕೇಳಿದ್ದೆ!"

ಅಮ್ಮಾವ್ರು "ಹ್ಞೂಂ" ಅಂದರು.